ಗೊಂಬೆ ಮಾಡೋದು ಗೊತ್ತು, ಆನ್‌ಲೈನಲ್ಲಿ ಮಾರೋದು ಹೇಗೆ?

ಪ್ರಶ್ನೆ: ಅಕ್ಕ ನಮಸ್ಕಾರ. ನಮ್ಮದು ಮಾದಾಪುರದ ಹತ್ತಿರ. ನಾನು ಕೊಡವ ಉಡುಪಿನ ಬಟ್ಟೆ ಗೊಂಬೆ ಮಾಡುತ್ತೇನೆ, ನಾದಿನಿ ಕ್ರೋಶಾ ಬ್ಯಾಗ್ ಹಾಕುತ್ತಾಳೆ. ಮಡಿಕೇರಿಯ ಒಂದು ಅಂಗಡಿಗೆ ಗೊಂಬೆಯನ್ನು 350 ರೂಪಾಯಿಗೆ ಕೊಡುತ್ತೇನೆ, ಅವರು 700ಕ್ಕೆ ಮಾರುತ್ತಾರೆ. ಇನ್‌ಸ್ಟಾಗ್ರಾಂ ಮಾಡಿ ಎಂಟು ತಿಂಗಳಾಯಿತು, 600 ಜನ ಫಾಲೋ ಮಾಡಿದ್ದಾರೆ, ಬಂದದ್ದು ಮೂರೇ ಆರ್ಡರ್. ಭಾವನ ಮಗ 30,000 ಕೊಟ್ಟರೆ ವೆಬ್‌ಸೈಟ್ ಮಾಡಿಸಿಕೊಡುತ್ತೇನೆ ಅಂತಾನೆ. ಮಾಡಿಸಲಾ? ದೊಡ್ಡ ಆ್ಯಪ್‌ಗಳಲ್ಲಿ ಹಾಕಬೇಕಾ? ಜಿಎಸ್‌ಟಿ ಬೇಕಾ? ಗೊಂಬೆಯ ನಾಲ್ಕು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೊದಲು ಆ 30,000 ಬ್ಯಾಂಕಿನಲ್ಲೇ ಇರಲಿ. ವೆಬ್‌ಸೈಟ್ ಕೆಟ್ಟದ್ದು ಅಂತಲ್ಲ, ಅದರ ಸಮಯ ಇನ್ನೂ ಬಂದಿಲ್ಲ. ಕಾಡಿನ ಮಧ್ಯೆ ಚಂದದ ಅಂಗಡಿ ಕಟ್ಟಿದರೆ ಯಾರು ಬರುತ್ತಾರೆ, ಅಲ್ವಾ? ವೆಬ್‌ಸೈಟಿನ ಕತೆಯೂ ಅಷ್ಟೇ. ಮಾಡಿದ ಮೇಲೆ ಅಲ್ಲಿಗೆ ಜನರನ್ನು ಕರೆತರುವ ಕೆಲಸ ನಿಮ್ಮ ತಲೆ ಮೇಲೇ ಇರುತ್ತದೆ.

ನನಗೆ ಜಾಸ್ತಿ ತಲೆಬಿಸಿ ಆದದ್ದು ಆ 350 ರೂಪಾಯಿ ನೋಡಿ. ಒಂದು ಗೊಂಬೆಗೆ ಎಷ್ಟು ಹೊತ್ತು ಬೇಕು ಅಂತ ನೀವು ಬರೆದಿಲ್ಲ. ಹತ್ತು ಇಂಚಿನ ಗೊಂಬೆ ಅಂದರೆ ಮೈ ಹೊಲಿಯಬೇಕು, ಹತ್ತಿ ತುಂಬಬೇಕು, ಮುಖ ಬರೆಯಬೇಕು, ಕೂದಲು ಕೂರಿಸಬೇಕು, ಸೀರೆ ಉಡಿಸಿ ಹೊಲಿಗೆ ಹಾಕಬೇಕು, ಕೊನೆಗೆ ಕೊರಳಿಗೆ ಆ ಚಿಕ್ಕ ಮಣಿ ಸರ, ಜೋಮಾಲೆ, ಪೋಣಿಸಬೇಕು. ನಾಲ್ಕು ಗಂಟೆಗಿಂತ ಕಡಿಮೆಯಲ್ಲಿ ಮುಗಿಯುವ ಕೆಲಸವಲ್ಲ ಇದು. ಬಟ್ಟೆ, ಹತ್ತಿ, ಜರಿ, ಮಣಿ ಎಲ್ಲ ಸೇರಿ 140 ಆಯಿತು ಅಂತ ಇಟ್ಟುಕೊಳ್ಳಿ. ಉಳಿದದ್ದು 210. ಅಂದರೆ ಗಂಟೆಗೆ 52 ರೂಪಾಯಿ ಚಿಲ್ಲರೆ. ತೋಟಕ್ಕೆ ಕಾಫಿ ಕುಯ್ಯಲು ಹೋದರೂ ಇದಕ್ಕಿಂತ ಕಡಿಮೆ ಏನೂ ಸಿಗಲಿಕ್ಕಿಲ್ಲ. ಇದೇ ರೇಟು ಹಿಡಿದುಕೊಂಡು ಆನ್‌ಲೈನಿಗೆ ಬಂದರೆ ಆರ್ಡರ್ ಜಾಸ್ತಿ ಆದಷ್ಟೂ ನಿಮಗೆ ಕೈ ಕಚ್ಚುತ್ತದೆ, ಯಾಕಂದರೆ ಡಬ್ಬ, ಟೇಪು, ಅಂಚೆ ಕಚೇರಿಗೆ ಓಡಾಟ, ರಾತ್ರಿ ಹನ್ನೊಂದಕ್ಕೆ ಬರುವ 'ಬೆಲೆ ಎಷ್ಟು' ಅನ್ನೋ ಮೆಸೇಜು, ಇದೆಲ್ಲ ಇಷ್ಟು ದಿನ ಆ ಅಂಗಡಿಯವರ ಪಾಲಿಗಿತ್ತು, ಇನ್ನು ನಿಮ್ಮ ಪಾಲಿಗೆ.

ಲೆಕ್ಕ ಹೀಗೆ ಹಾಕಿ. ಸಾಮಾನು 140. ಡಬ್ಬ ಮತ್ತು ಪ್ಯಾಕಿಂಗ್ 40. ನಿಮ್ಮ ನಾಲ್ಕು ಗಂಟೆಗೆ ಗಂಟೆಗೆ 75ರಂತೆ 300. ಪ್ಯಾಕ್ ಮಾಡಿ, ವಿಳಾಸ ಬರೆದು, ಪೋಸ್ಟಿಗೆ ಕೊಟ್ಟು ಬರುವುದಕ್ಕೆ ಇನ್ನೊಂದು 40. ಒಟ್ಟು 520. ಪೇಮೆಂಟ್ ಲಿಂಕ್ ಕೊಡುವ ಕಂಪನಿ ಸುಮಾರು ಶೇ 2 ಹಿಡಿದುಕೊಂಡು, ಅದರ ಮೇಲೆ ಶೇ 18 ಜಿಎಸ್‌ಟಿಯನ್ನೂ ಹಿಡಿಯುತ್ತದೆ ಅಂದರೆ 750 ರೂಪಾಯಿಯ ಗೊಂಬೆಗೆ 17 ರೂಪಾಯಿ 70 ಪೈಸೆ ಹೋಯಿತು. ಕೈಯಲ್ಲಿ ಸುಮಾರು 212 ಉಳಿಯುತ್ತದೆ. ಒಂದು ಗೊಂಬೆ ದಾರಿಯಲ್ಲಿ ಕಳೆದುಹೋದರೆ, ಮದುವೆ ಮನೆಯವರು ಇಪ್ಪತ್ತು ತಗೊಂಡು ಚೌಕಾಸಿ ಮಾಡಿದರೆ, ಆ ದುಡ್ಡಿನಿಂದಲೇ ತುಂಬಬೇಕು. ಹಾಗಾಗಿ 750, ಅಂಚೆ ಖರ್ಚು ಬೇರೆ. ಇದಕ್ಕಿಂತ ಕಡಿಮೆಗೆ ಇಳಿಯಬೇಡಿ. ಮಡಿಕೇರಿಯಲ್ಲಿ ಪ್ರವಾಸಿಗರು 700 ಕೊಟ್ಟು ಒಯ್ಯುತ್ತಿದ್ದಾರೆ ಅಂದಮೇಲೆ ಗೊಂಬೆಗೆ ಆ ಬೆಲೆ ಇದೆ ಅಂತ ಮಾರುಕಟ್ಟೆಯೇ ಹೇಳಿದೆ. ಇನ್ನೊಂದು ವಿಷಯ: ಆನ್‌ಲೈನಲ್ಲಿ 500ಕ್ಕೆ ಹಾಕಿದರೆ ಆ ಅಂಗಡಿಯವರು ನಿಮ್ಮ ಗೊಂಬೆ ಇಡುವುದನ್ನೇ ನಿಲ್ಲಿಸುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಮೊದಲೇ ಹೋಗಿ ಹೇಳಿಬಿಡಿ, ನಾನೂ ನೇರವಾಗಿ ಮಾರುತ್ತೇನೆ, ನಿಮಗಿಂತ ಕಡಿಮೆಗೆ ಮಾರುವುದಿಲ್ಲ ಅಂತ. ಹಾಗೇ 350 ಅನ್ನು 420ಕ್ಕೆ ಏರಿಸುವ ಮಾತನ್ನೂ ಆಡಿ ಬನ್ನಿ.

ಈಗ ಇನ್ನೊಂದು ಲೆಕ್ಕ. ಮನೆ ಕೆಲಸ, ತೋಟದ ಕೆಲಸದ ನಡುವೆ ದಿನಕ್ಕೆ ಎರಡು ಗೊಂಬೆ ಮಾಡಿದರೆ ದೊಡ್ಡದು. ರಜೆ, ಹಬ್ಬ, ನೆಂಟರು ಎಲ್ಲ ಕಳೆದರೆ ತಿಂಗಳಿಗೆ 40. ಅಷ್ಟೇ ನಿಮ್ಮ ಕೈಯಿಂದ ಆಗುವುದು. 40 ಗೊಂಬೆ ಕೊಳ್ಳುವವರನ್ನು ಹುಡುಕೋಕೆ ಇಡೀ ಭಾರತಕ್ಕೆ ಡಂಗುರ ಸಾರಬೇಕಾ? ಬೇಡ. ನಿಮ್ಮ ಗೊಂಬೆ ನೋಡಿದ ಕೂಡಲೇ ಇದು ಯಾರು, ಯಾಕೆ ಹೀಗೆ ಉಟ್ಟಿದ್ದಾಳೆ ಅಂತ ಗೊತ್ತಾಗುವ ಜನ ಸಾಕಷ್ಟಿದ್ದಾರೆ. ಅವರನ್ನು ಮೊದಲು ಹಿಡಿಯಿರಿ.

ಒಂದು, ಊರು ಬಿಟ್ಟು ಹೋದವರು. ಬೆಂಗಳೂರು, ಮೈಸೂರು ತುಂಬ ಕೊಡಗಿನವರು. ಅವರಿಗೆ ಮಕ್ಕಳ ಹುಟ್ಟುಹಬ್ಬಕ್ಕೋ, ಹೊಸ ಮನೆಗೋ ಕೊಡೋಕೆ ಊರಿನ ಗುರುತಿರುವ ವಸ್ತು ಬೇಕು, ಸಿಗುವುದು ಕಾಫಿ ಪುಡಿ, ಏಲಕ್ಕಿ, ಜೇನು ಅಷ್ಟೇ. ಎರಡು, ಮದುವೆ ಮನೆ. ಮದುಮಗ ಮದುಮಗಳ ಜೋಡಿ ಗೊಂಬೆಯನ್ನು ನೀವು ಯಾಕೆ ಇನ್ನೂ ಜೋಡಿಯಾಗಿ ಮಾರುತ್ತಿಲ್ಲ ಅಂತ ನನಗೆ ಅರ್ಥವಾಗಲಿಲ್ಲ. ಬಿಡಿಯಾಗಿ 750, ಜೋಡಿಗೆ ಚಂದದ ಡಬ್ಬದಲ್ಲಿ 1,600 ಅಂದರೂ ತಗೊಳ್ಳುತ್ತಾರೆ. ಮೂರು, ಇಲ್ಲಿಗೆ ಬಂದು ಹೋಗುವ ಪ್ರವಾಸಿಗರು.

ಈ ಮೂರು ಗುಂಪನ್ನೂ ಹಿಡಿಯುವ ಜಾಗ ಫೋನಿನ ಹೊರಗೇ ಇದೆ, ಇದನ್ನು ಆನ್‌ಲೈನ್ ಪಾಠ ಹೇಳುವವರು ಹೇಳಲ್ಲ. ನಮ್ಮಲ್ಲಿ ಹೋಂಸ್ಟೇಗೆ ಬರವೇ? ನಿಮ್ಮ ಸುತ್ತ ಹತ್ತು ಹೋಂಸ್ಟೇಗೆ ಹೋಗಿ, ಒಂದೊಂದು ಗೊಂಬೆಯನ್ನು ಅವರ ಹಾಲಿನಲ್ಲೋ ಊಟದ ಮೇಜಿನ ಪಕ್ಕದಲ್ಲೋ ಇಡಿಸಿ, ಪಕ್ಕದಲ್ಲಿ ಒಂದು ಚಿಕ್ಕ ಕಾರ್ಡು, ಅದರಲ್ಲಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಹೋಗುವ ಕ್ಯೂಆರ್ ಕೋಡು. ಅಲ್ಲಿಂದ ಬಂದ ಆರ್ಡರಿಗೆ ಶೇ 10 ಅವರಿಗೆ. ಎರಡು ದಿನ ಬೆಳಿಗ್ಗೆ ಸಂಜೆ ಆ ಗೊಂಬೆ ನೋಡಿದವರು ಬೆಂಗಳೂರಿಗೆ ಹೋಗಿ ಮೆಸೇಜ್ ಮಾಡುತ್ತಾರೆ. ನಾನು ಮಾರುವ ಕಾಫಿ ಮರದ ಚಮಚ ಮೊದಲ ಎರಡು ವರ್ಷ ಓಡಿದ್ದೇ ಹೀಗೆ, ಗೋಣಿಕೊಪ್ಪದ ಸುತ್ತಲಿನ ಆರು ಹೋಂಸ್ಟೇಗಳಿಂದ.

ಬೇಸಿಗೆಯ ಕೊಡವ ಹಾಕಿ ಹಬ್ಬ ಬಿಡಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಅದು ಬರೀ ಆಟವಾಗಿ ಉಳಿದಿಲ್ಲ, ದೂರದ ಊರುಗಳಲ್ಲಿ ಇರುವವರೆಲ್ಲ ತಮ್ಮ ಒಕ್ಕದ, ಅಂದರೆ ಮನೆತನದ, ತಂಡ ಆಡುತ್ತದೆ ಅಂತ ಬರುವ ಜಾತ್ರೆ ಅದು. ಮಳಿಗೆ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಯಾರದೋ ಮಳಿಗೆಯ ಮೂಲೆಯಲ್ಲಿ ಐದು ಗೊಂಬೆ ಇಟ್ಟು ಕಾರ್ಡು ಹಂಚಿ. ಅಲ್ಲಿ ಎಷ್ಟು ಮಾರಿದಿರಿ ಅನ್ನುವುದಕ್ಕಿಂತ ಎಷ್ಟು ಜನ ನಿಮ್ಮ ನಂಬರ್ ಸೇವ್ ಮಾಡಿಕೊಂಡರು ಅನ್ನುವುದನ್ನು ಎಣಿಸಿ. ನಂಬರ್ ಸೇವ್ ಆದರೆ ಮಾತ್ರ ನಿಮ್ಮ ಸ್ಟೇಟಸ್ ಅವರಿಗೆ ಕಾಣುವುದು. ನನ್ನ ಅನುಭವದಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಿಂದ ಬರುವಷ್ಟು ಆರ್ಡರ್ ಇನ್‌ಸ್ಟಾಗ್ರಾಂನಿಂದ ಬಂದಿಲ್ಲ. ಆದರೆ ಕುಟುಂಬದ ಗ್ರೂಪುಗಳಲ್ಲಿ, ಸಮಾಜದ ಗ್ರೂಪುಗಳಲ್ಲಿ ದಿನಾ ಫೋಟೋ ಸುರಿಯಬೇಡಿ. ಕೈಲ್ ಪೊಳ್ದ್, ತುಲಾ ಸಂಕ್ರಮಣ, ಪುತ್ತರಿ, ಈ ಮೂರು ಹಬ್ಬಕ್ಕೆ ಮೂರು ವಾರ ಮೊದಲು ಒಂದೊಂದು ಸಲ ಹಾಕಿದರೆ ಸಾಕು. ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲ ವಾರ ಬರುತ್ತದೆ, ಹಾಗಾಗಿ ಅದರ ಗೊಂಬೆಗಳು ಆಗಸ್ಟ್ 10ರೊಳಗೆ ಸಿದ್ಧ ಇರಬೇಕು. ಅದಕ್ಕೆ ಮೊದಲಿನ ಕಕ್ಕಡ ತಿಂಗಳಲ್ಲಿ ಹೇಗೂ ಮದುವೆ ಇಲ್ಲ, ಹೊರಗೆ ಹೋಗೋಕೆ ಮಳೆ ಬಿಡಲ್ಲ, ಕೂತು ಹೊಲಿಯೋಕೆ ಅದಕ್ಕಿಂತ ಒಳ್ಳೆ ತಿಂಗಳು ಇಲ್ಲ.

ಈಗ ಮಳೆ ವಿಷಯಕ್ಕೆ ಬಂದೆವು, ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ನಾನು ಶುರು ಮಾಡಿದ ಮೊದಲ ವರ್ಷ, ಜುಲೈನಲ್ಲಿ ಹನ್ನೆರಡು ಬಟ್ಟೆ ಚೀಲ ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿ ಸುತ್ತಿ ಕಳಿಸಿದೆ. ಒದ್ದೆ ಆಗಬಾರದು ಅಂತ ನನ್ನ ಜಾಣತನ. ಕೊರಿಯರ್‌ನವರು ದಾರಿಯಲ್ಲಿ ಎಲ್ಲೋ ಒಂಬತ್ತು ದಿನ ಇಟ್ಟುಕೊಂಡರು. ಪುಣೆಯಲ್ಲಿ ಬಿಚ್ಚಿದಾಗ ಮಡಿಕೆ ಮಡಿಕೆಗೂ ಬೂಷ್ಟು. ಹೊರಗಿನ ನೀರು ಒಳಗೆ ಹೋಗಿರಲಿಲ್ಲ, ನಮ್ಮ ಮನೆಯ ಥಂಡಿಯನ್ನೇ ನಾನು ಚೀಲದೊಳಗೆ ಕಟ್ಟಿ ಕಳಿಸಿದ್ದೆ. ಮುಂದಿನ ಸಲ ಬುದ್ಧಿ ಬಂತು ಅಂತ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಕಳಿಸಿದೆ. ಗಿರಾಕಿ ಫೋನ್ ಮಾಡಿ, 'ಚೆನ್ನಾಗಿದೆ ಮೇಡಂ, ಆದರೆ ಇದು ಯಾಕೆ ಹೊಗೆಗೆ ಹಾಕಿದ ಮೀನಿನ ಹಾಗೆ ವಾಸನೆ ಬರ್ತಿದೆ' ಅಂತ ಕೇಳಿದರು.

ಈಗ ಮಾಡುವುದು ಇಷ್ಟು. ಒಂದು ಮರದ ಕಪಾಟಿನೊಳಗೆ 40 ವಾಟಿನ ಹಳೇ ಬಲ್ಬು, ಬಟ್ಟೆಯಿಂದ ದೂರಕ್ಕೆ, ಸುತ್ತ ತಂತಿಯ ಬಲೆ ಹಾಕಿ. ಕಳಿಸುವ ಮುಂಚೆ ಮಾಲು ಅದರಲ್ಲಿ ಒಂದು ರಾತ್ರಿ. ಮರುದಿನ ತೆಗೆದು, ಆರಿದ ಮೇಲೆ, ತೇವ ಹೀರುವ ಸಿಲಿಕಾ ಜೆಲ್‌ನ ಎರಡು ಪೊಟ್ಟಣದ ಜತೆ ಮುಚ್ಚುವುದು. ಕರೆಂಟು ಮೂರು ದಿನ ಇಲ್ಲದಿದ್ದರೆ ಮೂರು ದಿನ ಕಳಿಸುವುದಿಲ್ಲ, ಅಷ್ಟೇ. ಗಿರಾಕಿಗೆ ಹಾಗೇ ಹೇಳುತ್ತೇನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಿಸಲು 10 ದಿನ, ಉಳಿದ ತಿಂಗಳು 5 ದಿನ. ಮೊದಲೇ ಬರೆದು ಹಾಕಿದರೆ ಯಾರೂ ಬೈಯಲ್ಲ. ನಾದಿನಿಯ ಕ್ರೋಶಾ ಬ್ಯಾಗಿಗೂ ಇದೇ ಮಾತು, ಹತ್ತಿ ನೂಲಿನದಾದರೆ ಇನ್ನೂ ಜಾಸ್ತಿ ಜಾಗ್ರತೆ.

ಡಬ್ಬದ ಅಳತೆ ಬಗ್ಗೆ ಒಂದು ಮಾತು, ಇಲ್ಲೇ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ತೂಕ ಮತ್ತು ಈ ಲೆಕ್ಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಿಮ್ಮ ಗೊಂಬೆ 250 ಗ್ರಾಂ ಇರಬಹುದು. ಅದನ್ನು ಮನೆಯಲ್ಲಿದ್ದ ಯಾವುದೋ 30, 20, 15ರ ಡಬ್ಬಕ್ಕೆ ಹಾಕಿದಿರಿ ಅಂದರೆ 1.8 ಕಿಲೋ ಲೆಕ್ಕ. ಅದೇ 28, 12, 10ರ ಡಬ್ಬ ಮಾಡಿಸಿದರೆ 700 ಗ್ರಾಂ ಒಳಗೆ. ನೂರು ಡಬ್ಬ ಒಟ್ಟಿಗೆ ಮೈಸೂರಿನಿಂದ ತರಿಸಿಕೊಳ್ಳಿ, ಬಿಡಿಯಾಗಿ ಕೊಂಡರೆ ದುಬಾರಿ. ಕಳಿಸೋಕೆ ನಾನು ಇವತ್ತಿಗೂ ಸ್ಪೀಡ್ ಪೋಸ್ಟನ್ನೇ ನೆಚ್ಚಿಕೊಂಡಿದ್ದೇನೆ. ನಮ್ಮ ಹಳ್ಳಿಗಳಿಗೆ ಬಂದು ಮಾಲು ಎತ್ತಿಕೊಂಡು ಹೋಗೋ ಕೊರಿಯರ್ ಕಡಿಮೆ, ಅಂಚೆ ಕಚೇರಿ ಮಾತ್ರ ಎಲ್ಲ ಕಡೆ ಇದೆ. ಅಂಚೆ ಚೀಲ ಹೊರಡುವ ಹೊತ್ತು ಕೇಳಿಟ್ಟುಕೊಂಡು ಅದಕ್ಕಿಂತ ಮುಂಚೆ ಕೊಡಿ. ಪ್ಯಾಕ್ ಮಾಡುವಾಗ ಅರ್ಧ ನಿಮಿಷದ ವಿಡಿಯೋ ತೆಗೆದಿಡಿ, ಜಗಳ ಬಂದಾಗ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಆ್ಯಪ್‌ಗಳ ವಿಷಯ. ಅಮೆಜಾನ್‌ನಲ್ಲಿ ಕಾರಿಗರ್ ಅಂತ, ಫ್ಲಿಪ್‌ಕಾರ್ಟ್‌ನಲ್ಲಿ ಸಮರ್ಥ್ ಅಂತ ಕುಶಲಕರ್ಮಿಗಳಿಗೆ ಬೇರೆ ದಾರಿ ಇದೆ. ಆದರೂ ಈಗಲೇ ಬೇಡ ಅನ್ನುತ್ತೇನೆ. ಅಲ್ಲಿ ನಿಮ್ಮ ಗೊಂಬೆಯ ಪಕ್ಕದಲ್ಲೇ 199 ರೂಪಾಯಿಯ ಮೆಷಿನ್ ಗೊಂಬೆ ಕೂತಿರುತ್ತದೆ. ಕಮಿಷನ್ನು, ಸಾಗಣೆ, ವಾಪಸು ಬಂದ ಮಾಲಿನ ಖರ್ಚು ಕಳೆದರೆ ಆ 212 ರೂಪಾಯಿ ಕರಗಿ ಹೋಗುತ್ತದೆ. ವಿದೇಶಕ್ಕೆ ಕೈಕೆಲಸದ ವಸ್ತು ಮಾರುವ ಎಟ್ಸಿ ಅನ್ನೋ ವೆಬ್‌ಸೈಟ್ ಇದೆ, ಒಂದು ವಸ್ತು ನಾಲ್ಕು ತಿಂಗಳು ಹಾಕಿಡೋಕೆ 20 ಸೆಂಟ್, ಮಾರಾಟವಾದರೆ ಶೇ 6.5 ಕಮಿಷನ್, ಹಣ ಪಾವತಿಯ ಶುಲ್ಕ ಬೇರೆ. ಇಲ್ಲಿ ಒಂದು ವರ್ಷ ಸರಿಯಾಗಿ ನಡೆದ ಮೇಲೆ ಅದನ್ನು ನೋಡೋಣ.

ಜಿಎಸ್‌ಟಿ ಕೇಳಿದಿರಿ. ವಾಟ್ಸ್‌ಆ್ಯಪ್‌ನಲ್ಲಿ ಕರ್ನಾಟಕದೊಳಗೆ ನೀವೇ ಮಾರುವಾಗ, ವರ್ಷದ ವ್ಯಾಪಾರ 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಆ್ಯಪ್‌ಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೂ ವಿನಾಯಿತಿ ಬಂದಿದೆ, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಮಾಡಿಕೊಂಡರೆ ಸಾಕು. ಆ್ಯಪ್‌ನಲ್ಲಿ ಹೊರ ರಾಜ್ಯಕ್ಕೆ ಮಾರುತ್ತೀರಿ ಅಂದರೆ ಮಾತ್ರ ಜಿಎಸ್‌ಟಿ ಬೇಕೇ ಬೇಕು. ನೀವೇ ನೇರವಾಗಿ ಹೊರ ರಾಜ್ಯಕ್ಕೆ ಕಳಿಸುವಾಗ, ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಬಟ್ಟೆಯ ಗೊಂಬೆಯೂ ಆ ಪಟ್ಟಿಯಲ್ಲಿದೆ. ಆದರೆ ಪ್ಯಾನ್ ಇರಬೇಕು, ಎಷ್ಟೇ ಸಣ್ಣ ಮೊತ್ತವಾದರೂ ಇ-ವೇ ಬಿಲ್, ಅಂದರೆ ಮಾಲು ಸಾಗಣೆಯ ಆನ್‌ಲೈನ್ ಪತ್ರ, ಮಾಡಬೇಕು. ಕುಶಾಲನಗರದಲ್ಲೋ ಸೋಮವಾರಪೇಟೆಯಲ್ಲೋ ಯಾರಾದರೂ ತೆರಿಗೆ ಸಲಹೆಗಾರರ ಹತ್ತಿರ ಒಂದು ಸಲ ಕೂತು ಇದನ್ನು ಸರಿ ಮಾಡಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ಗೊಂಬೆ ಮಾಡುವವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಗೊತ್ತಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಿಮ್ಮ ಗೊಂಬೆಯನ್ನು 'ಮಕ್ಕಳಿಗೆ ಆಡೋಕೆ' ಅಂತ ಹಾಕಿದ ಕೂಡಲೇ ಆ ನಿಯಮದ ಕೆಳಗೆ ಬಂದಿರಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಇದರಿಂದ ವಿನಾಯಿತಿ ಇದೆ. ಆ ನೋಂದಣಿಯ ಕಾರ್ಡಿಗೆ ಪೆಹಚಾನ್ ಕಾರ್ಡ್ ಅಂತಾರೆ, ಅದನ್ನು ಮಾಡಿಸಿ. ಅದು ಬರುವವರೆಗೆ ಶೋಕೇಸಿನಲ್ಲಿಡುವ ಅಲಂಕಾರದ ಗೊಂಬೆ ಅಂತಲೇ ಮಾಡಿ, ಹಾಗೇ ಬರೆದು ಮಾರಿ. ನಿಜಕ್ಕೂ ಆ ಮಣಿ, ಪಿನ್ನು ಎಲ್ಲ ಇರುವ ಗೊಂಬೆಯನ್ನು ಸಣ್ಣ ಮಗುವಿನ ಕೈಗೆ ಕೊಡುವುದೂ ಸರಿಯಲ್ಲ. ಹಾಗೇ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ, ಆಟಿಕೆ ಮಾಡುವುದೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಶೇ 5 ಬಡ್ಡಿಯಲ್ಲಿ ಮೊದಲ ಸಾಲ 1 ಲಕ್ಷದವರೆಗೆ ಅಂತ ಆ ಯೋಜನೆಯಲ್ಲಿದೆ. ಮನೆಗೆ ಒಬ್ಬರಿಗೆ ಮಾತ್ರ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಒಂದೂವರೆ ಸಾವಿರ ಕೇಳುವ ವೆಬ್‌ಸೈಟುಗಳು ಗೂಗಲ್‌ನಲ್ಲಿ ಮೊದಲೇ ಕಾಣಿಸುತ್ತವೆ, ಮೋಸ ಹೋಗಬೇಡಿ.

ಮೋಸ ಅಂದಕೂಡಲೇ ನೆನಪಾಯಿತು. ಯಾವತ್ತಾದರೂ ಒಬ್ಬರು ಫೋನ್ ಮಾಡಿ, ನಾನು ಆರ್ಮಿ ಆಫೀಸರ್, ಕ್ಯಾಂಟೀನಿಗೆ 50 ಗೊಂಬೆ ಬೇಕು, ಚೌಕಾಸಿ ಇಲ್ಲ, ಈಗಲೇ ದುಡ್ಡು ಹಾಕ್ತೀನಿ ಅಂತಾರೆ. ಯೂನಿಫಾರಂ ಹಾಕಿದ ಗುರುತಿನ ಚೀಟಿಯ ಫೋಟೋನೂ ಕಳಿಸುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡು ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಅಂತಾರೆ. ಮನೆಗೊಬ್ಬರು ಸೇನೆಯಲ್ಲಿರುವ ಊರು ನಮ್ಮದು, ಆರ್ಮಿ ಅಂದರೆ ಎರಡನೇ ಮಾತೇ ಆಡದೆ ನಂಬಿಬಿಡುತ್ತೇವೆ. ಯುಪಿಐ ಪಿನ್ ಹಾಕುವುದು ದುಡ್ಡು ಕೊಡೋಕೆ ಮಾತ್ರ, ತಗೊಳ್ಳೋಕೆ ಎಂದೂ ಬೇಡ. ತಪ್ಪಿ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಾವತಿಯ ಸ್ಕ್ರೀನ್‌ಶಾಟ್ ಕಳಿಸಿದವರನ್ನೂ ಸುಮ್ನೆ ನಂಬಬೇಡಿ, ಬ್ಯಾಂಕಿನ ಮೆಸೇಜ್ ಬಂದಿದೆಯಾ ನೋಡಿಯೇ ಪ್ಯಾಕ್ ಮಾಡಿ. ಮಾಲು ತಲುಪಿದ ಮೇಲೆ ದುಡ್ಡು ಅನ್ನುವ ವ್ಯವಹಾರ ಬೇಡವೇ ಬೇಡ.

ಇನ್ನು ಅಂಗಡಿ ಎಲ್ಲಿ ತೆರೆಯೋದು? ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಉಚಿತ. ಹೊಸ ಸಿಮ್ ತಗೊಂಡು, ನಿಮ್ಮ ಹೆಸರಿನಲ್ಲೇ. ಭಾವನ ಮಗನ ನಂಬರಿನಲ್ಲಿ ಮಾಡಬೇಡಿ, ನಾಳೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದರೆ ನಿಮ್ಮ ಅಂಗಡಿಯೂ ಅವನ ಜತೆ ಬಸ್ಸು ಹತ್ತುತ್ತದೆ. ಕ್ಯಾಟಲಾಗ್‌ನಲ್ಲಿ ಆರೇ ವಸ್ತು ಹಾಕಿ: ನಾಲ್ಕು ಗೊಂಬೆ, ಎರಡು ಬ್ಯಾಗ್. ಬೆಲೆ ಎದುರಿಗೇ ಇರಲಿ, 'ಬೆಲೆಗೆ ಮೆಸೇಜ್ ಮಾಡಿ' ಅಂತ ಬರೆದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ. ಇನ್‌ಸ್ಟಾಗ್ರಾಂ ಮುಚ್ಚಬೇಡಿ, ಆದರೆ ಬರೀ ಮುಗಿದ ಗೊಂಬೆಯ ಫೋಟೋ ಹಾಕುವುದು ಬಿಟ್ಟು ನಿಮ್ಮ ಕೈ ಕಾಣುವ 20 ಸೆಕೆಂಡಿನ ವಿಡಿಯೋ ಹಾಕಿ. ಗೊಂಬೆಗೆ ಸೀರೆಯ ನೆರಿಗೆ ಹಿಂದಕ್ಕೆ ಸಿಕ್ಕಿಸಿ, ಸೆರಗನ್ನು ಬಲ ಹೆಗಲಿಗೆ ತರುತ್ತೀರಲ್ಲ, ಅಷ್ಟೇ ಒಂದು ವಿಡಿಯೋ. ಹೊರಗಿನವರು ಹುಡುಕುವುದು ಕೊಡಗು ಅಂತಲ್ಲ, ಕೂರ್ಗ್ ಅಂತ, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಪುಟದ ಹೆಸರಿನಲ್ಲಿ ಅದು ಇರಲಿ, ನಮಗೆ ಎಷ್ಟೇ ಮುಜುಗರ ಆದರೂ. ದುಡ್ಡು ಕೊಟ್ಟು ಬೂಸ್ಟ್ ಮಾಡುವುದು ಸದ್ಯಕ್ಕೆ ದಂಡ. ತಿಂಗಳಿಗೆ 30 ಆರ್ಡರ್ ದಾಟಿ, ಅದೇ ಪ್ರಶ್ನೆಗೆ ಅದೇ ಉತ್ತರ ಬರೆದು ಬೆರಳು ನೋಯೋಕೆ ಶುರುವಾದಾಗ ವೆಬ್‌ಸೈಟ್ ಮಾಡಿಸಿ. ಆಗಲೂ 30,000 ಬೇಕಾಗಲ್ಲ.

ಕೊನೆಗೆ ನಿಮ್ಮ ಫೋಟೋಗಳು. ಮೊದಲನೆಯದು ಟ್ಯೂಬ್‌ಲೈಟಿನಲ್ಲಿ ತೆಗೆದದ್ದು, ಕೆಂಪು ರೇಷ್ಮೆ ಕಿತ್ತಳೆ ಥರ ಕಾಣುತ್ತಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಪಕ್ಕ ಬಿಳಿ ಬೆಡ್‌ಶೀಟ್ ಹಾಸಿ ತೆಗೆಯಿರಿ, ಫೋನಿನ ಪರದೆಯಲ್ಲಿ ಗೊಂಬೆ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿ. ವರ್ಷದ ಫೋಟೋವನ್ನೆಲ್ಲ ಡಿಸೆಂಬರ್, ಜನವರಿಯಲ್ಲೇ ತೆಗೆದಿಟ್ಟುಕೊಳ್ಳಿ, ಜುಲೈನಲ್ಲಿ ನಮ್ಮಲ್ಲಿ ಮಧ್ಯಾಹ್ನವೂ ಸಂಜೆಯೇ. ಎರಡನೆಯದರಲ್ಲಿ ಗೊಂಬೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ, ಕೈಯಲ್ಲಿ ಹಿಡಿದು ಒಂದು ತೆಗೆಯಿರಿ. ನಾಲ್ಕನೆಯದು ಚೆನ್ನಾಗಿದೆ, ಆ ತಲೆಗೆ ವಸ್ತ್ರ ಕಟ್ಟಿದ ಅಜ್ಜಿ ಗೊಂಬೆ, ಅದನ್ನೇ ಮುಖಚಿತ್ರ ಮಾಡಿ. ಮೂರನೆಯದನ್ನು ಮಾತ್ರ ಎಲ್ಲೂ ಹಾಕಬೇಡಿ. ಮದುಮಗ ಅಂತ ಬರೆದಿದ್ದೀರಿ, ಹಾಕಿರುವುದು ಕಪ್ಪು ಕುಪ್ಯ, ಅಂದರೆ ಕಪ್ಪು ನಿಲುವಂಗಿ. ಮದುಮಗನಿಗೆ ಬಿಳಿ ಕುಪ್ಯ ಅಲ್ವಾ? ಬೆಂಗಳೂರಿನ ಯಾವುದಾದರೂ ಅಜ್ಜಿ ನೋಡಿದರೆ ಮೊದಲ ಕಾಮೆಂಟೇ ಅದು. ಕುಪ್ಯ ಬದಲಾಯಿಸಿ, ಪೀಚೆಕತ್ತಿಯ ಚಿಕ್ಕ ಬಾಕು ಸೊಂಟಕ್ಕೆ ಸುತ್ತುವ ಚೇಲೆಯ ಎದುರಿಗೆ ಬರುವ ಹಾಗೆ ಸಿಕ್ಕಿಸಿ, ಆಮೇಲೆ ಫೋಟೋ ತೆಗೆಯಿರಿ.